ಶೇಕಡಾ ತೊಂಬತ್ತೊಂದರಲ್ಲಿ ನಾನೂ ಒಬ್ಬಳು

ಮಕ್ಕಳನ್ನು ಒಳಗೆ ಸೇರಿಸಿಕೊಳ್ಳುವ ಬಾಗಿಲನ್ನೂ ಕೆಲಸಕ್ಕೆಂದು ಹೊರಗೆ ಕಳಿಸುವ ಬಾಗಿಲನ್ನೂ ಒಂದೇ ಕುರ್ಚಿಯಲ್ಲಿ ಕೂತು ಕಾಯುವ, ಪ್ರವೇಶ ಮತ್ತು ಉದ್ಯೋಗ ವಿಭಾಗದ ಮಾನ್ಯ ನಿರ್ದೇಶಕರೇ,

ನಿಮ್ಮ ವಿಶ್ವವಿದ್ಯಾಲಯದ ಈ ವರ್ಷದ ಪ್ರವೇಶ ಪುಸ್ತಿಕೆಯ ನಾಲ್ಕನೇ ಪುಟದಲ್ಲಿ, ಜೀವಶಾಸ್ತ್ರ ಪದವಿಯ ವಿವರದ ಕೆಳಗೆ, ಅಂಗೈಯಷ್ಟು ದೊಡ್ಡ ಅಕ್ಷರಗಳಲ್ಲಿ ಹೀಗಿದೆ: "ನಮ್ಮ ಪದವೀಧರರಲ್ಲಿ ಶೇಕಡಾ ತೊಂಬತ್ತೊಂದು ಮಂದಿ ಉದ್ಯೋಗದಲ್ಲಿದ್ದಾರೆ." ಈ ಸಂಖ್ಯೆ ಸುಳ್ಳು. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದು ಹೇಳುತ್ತಿದ್ದೇನೆ ಎಂದೂ ತಿಳಿಯಬೇಡಿ. ಆ ಸಂಖ್ಯೆಯನ್ನು ತಯಾರಿಸಿದವರು ಆರು ಜನ. ಅವರಲ್ಲಿ ನಾನೊಬ್ಬಳು. ತಯಾರಿಸುವಾಗ ನನಗೆ ಅದು ಸುಳ್ಳೆಂದು ಗೊತ್ತಿತ್ತು, ನಿಮಗೂ ಗೊತ್ತಿತ್ತು. ಈಗ ಊರಿಗೂ ಗೊತ್ತಾಗಲಿ ಎಂದು ಇದನ್ನು ನಿಮ್ಮ ಕಚೇರಿಯ ದೂರು ಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ನಿಮ್ಮ ದೂರು ಪೆಟ್ಟಿಗೆಯ ಬೀಗದ ಕೈ ಕಳೆದು ಎರಡು ವರ್ಷವಾಯಿತೆಂದು ನಿಮ್ಮ ಜವಾನರೇ ನನಗೆ ಹೇಳಿದ್ದಾರೆ.

ನಾನು ನಿಮ್ಮಲ್ಲೇ ಮೂರು ವರ್ಷ ಜೀವಶಾಸ್ತ್ರ ಓದಿ ಪ್ರಥಮ ದರ್ಜೆಯಲ್ಲಿ ಪಾಸಾದವಳು. ನನ್ನ ಅಪ್ಪ ಲಿಫ್ಟ್ ಮೆಕ್ಯಾನಿಕ್. ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೇರೆಯವರ ಬಟ್ಟೆ ಬಿಗಿ ಮಾಡುತ್ತಾಳೆ, ಸಡಿಲ ಮಾಡುತ್ತಾಳೆ, ಜಿಪ್ ಬದಲಿಸಿ ಕೊಡುತ್ತಾಳೆ. ನಾನು ಸೇರಿದ ವರ್ಷ ನಿಮ್ಮ ಪುಸ್ತಿಕೆಯಲ್ಲಿ ಎಂಬತ್ತನಾಲ್ಕು ಎಂದಿತ್ತು. ನೂರರಲ್ಲಿ ಎಂಬತ್ತನಾಲ್ಕು ಜನಕ್ಕೆ ಕೆಲಸ ಸಿಗುವುದಾದರೆ ತನ್ನ ಮಗಳು ಉಳಿದ ಹದಿನಾರರಲ್ಲಿರುತ್ತಾಳೆ ಎಂದು ಯಾವ ಅಪ್ಪ ತಾನೇ ಯೋಚಿಸುತ್ತಾನೆ? ನನ್ನ ಅಪ್ಪ ಕೆಲಸದ ನಡುವೆ ಅರ್ಧ ಗಂಟೆ ಬಿಡುವು ಕೇಳಿಕೊಂಡು, ಗ್ರೀಸು ಮೆತ್ತಿದ ಸಮವಸ್ತ್ರದಲ್ಲೇ ಬ್ಯಾಂಕಿಗೆ ಬಂದು ಜಾಮೀನು ಪತ್ರಕ್ಕೆ ಸಹಿ ಹಾಕಿದರು. ಆ ಸಾಲ ಅವರ ಮೂರು ವರ್ಷದ ಸಂಬಳಕ್ಕೆ ಸಮ. ಪಾಸಾದ ಆರನೇ ತಿಂಗಳಿಂದ ಕಂತು ಶುರು. ಕೆಲಸ ಸಿಕ್ಕಿತೋ ಬಿಟ್ಟಿತೋ ಎಂದು ಬ್ಯಾಂಕು ಕೇಳುವುದಿಲ್ಲ. ಅದು ನಿಮ್ಮಷ್ಟು ವಿಚಾರವಂತ ಸಂಸ್ಥೆಯಲ್ಲ.

ಹದಿನಾಲ್ಕು ತಿಂಗಳು ಕೆಲಸ ಹುಡುಕಿದೆ. ರಕ್ತ ಪರೀಕ್ಷೆಯ ಲ್ಯಾಬ್ ಒಂದರ ಮಾಲೀಕರು ನನ್ನ ಅಂಕಪಟ್ಟಿಯನ್ನು ಆಚೀಚೆ ತಿರುಗಿಸಿ ನೋಡಿ ಕೇಳಿದರು, "ರಕ್ತ ತೆಗೆಯೋಕೆ ಬರುತ್ತೇನಮ್ಮ?"

"ಇಲ್ಲ ಸಾರ್. ರಕ್ತದ ಬಗ್ಗೆ ಒಂದು ಇಡೀ ಪೇಪರ್ ಓದಿದೀನಿ."

"ಯಂತ್ರ ನಡೆಸೋಕೆ?"

"ಕಾಲೇಜಲ್ಲಿ ಒಂದಿತ್ತು ಸಾರ್. ಗಾಜಿನ ಬೀರುವಲ್ಲಿತ್ತು."

ಅವರು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. "ಓದಿರೋದು ಜಾಸ್ತಿಯಾಯ್ತು, ಮಾಡೋಕೆ ಬರೋದು ಕಮ್ಮಿಯಾಯ್ತು ಕಣಮ್ಮ. ಒಂದು ವರ್ಷದ ಟೆಕ್ನಿಶಿಯನ್ ಕೋರ್ಸು ಮಾಡ್ಕೊಂಡು ಬಾ, ನೋಡೋಣ," ಎಂದು ಅಂಕಪಟ್ಟಿಯನ್ನು ವಾಪಸು ಕೊಟ್ಟರು. ಇನ್ನೊಂದು ವರ್ಷ, ಇನ್ನೊಂದು ಫೀಸು. ಅಷ್ಟು ಹೊತ್ತಿಗೆ ನನ್ನ ಎಂಟು ಕಂತುಗಳನ್ನು ಅಪ್ಪ ಕಟ್ಟಿಯಾಗಿತ್ತು.

ಆಗ ಬಂತು ನಿಮ್ಮ ಕಚೇರಿಯ ಫೋನು. ತೊಂಬತ್ತು ದಿನದ ಗುತ್ತಿಗೆ ಕೆಲಸ, ನಮ್ಮದೇ ವಿಶ್ವವಿದ್ಯಾಲಯದಲ್ಲಿ. ಅಮ್ಮ ಅವತ್ತೇ ನಾಲ್ಕು ಮನೆಗೆ ಹೇಳಿ ಬಂದಳು: "ನಮ್ಮ ದೊಡ್ಡವಳಿಗೆ ಯೂನಿವರ್ಸಿಟೀಲೇ ಕೆಲ್ಸ ಸಿಕ್ತು. ರಿಸರ್ಚು." ರಿಸರ್ಚು ಎಂಬ ಮಾತು ಅಮ್ಮನಿಗೆ ಎಲ್ಲಿಂದ ಬಂತು ಎಂದು ಕೇಳುತ್ತೀರಾ? ನನ್ನ ಬಾಯಿಂದಲೇ ಬಂತು. ತೊಂಬತ್ತು ದಿನ ಎನ್ನುವುದನ್ನೂ ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಹದಿನಾಲ್ಕು ತಿಂಗಳು ಮನೆಯಲ್ಲಿ ಕೂತವಳಿಗೆ ಅಷ್ಟು ಸುಳ್ಳು ಹೇಳುವ ಹಕ್ಕಿದೆ ಎಂದುಕೊಂಡಿದ್ದೆ.

ಆ ಕೋಣೆಯನ್ನು ನೀವು ಎಂದಾದರೂ ನೋಡಿದ್ದೀರಾ? ಜೆರಾಕ್ಸ್ ಕೋಣೆಯ ಪಕ್ಕದ್ದು. ಮೊದಲು ಅಲ್ಲಿ ಪ್ರಾಣಿಶಾಸ್ತ್ರದ ಮಾದರಿಗಳನ್ನು ಇಡುತ್ತಿದ್ದರು. ಜಾಡಿಗಳನ್ನೆಲ್ಲ ಸಾಗಿಸಿದ್ದರೂ ಗೋಡೆಯ ಹಲಗೆಗಳ ಮೇಲೆ ಅವುಗಳ ತಳದ ದುಂಡನೆಯ ಗುರುತುಗಳು ಹಾಗೇ ಇದ್ದವು; ಫಾರ್ಮಲಿನ್ ವಾಸನೆ ಗೋಡೆಯೊಳಗೇ ಇಳಿದಿತ್ತು. ಆರು ಕುರ್ಚಿ, ಆರು ಫೋನು, ಆರು ಜನ ಜೀವಶಾಸ್ತ್ರ ಪದವೀಧರರು, ಆರೂ ಜನ ಒಂದೇ ಬ್ಯಾಚಿನವರು. ನಮ್ಮದೇ ಬ್ಯಾಚಿನ ಇನ್ನೂರ ಹನ್ನೆರಡು ಜನಕ್ಕೆ ಫೋನು ಮಾಡಿ, "ನೀವು ಈಗ ಏನು ಕೆಲಸ ಮಾಡುತ್ತಿದ್ದೀರಿ? ಸಂಬಳವೆಷ್ಟು?" ಎಂದು ಕೇಳಿ ಬರೆದುಕೊಳ್ಳುವುದು ನಮ್ಮ ಕೆಲಸ. ನಮ್ಮ ಮೇಲೆ ನಿಮ್ಮ ಕಚೇರಿಯ ಮೇಲ್ವಿಚಾರಕರೊಬ್ಬರಿದ್ದರು. ಅವರಿಗೆ ನಾವು ಪರ್ಸೆಂಟ್ ಸಾರ್ ಎಂದು ಹೆಸರಿಟ್ಟಿದ್ದೆವು. ಕೆಟ್ಟವರಲ್ಲ. ಮನೆಯಿಂದ ತಂದ ಬುತ್ತಿಯಲ್ಲಿ ನಮಗೂ ಒಂದು ತುತ್ತು ಕೊಡುತ್ತಿದ್ದರು. ಆದರೆ ಲೆಕ್ಕದ ವಿಷಯ ಬಂದಾಗ ಅವರ ಕಣ್ಣಿಗೆ ಬೇರೆಯೇ ಕನ್ನಡಕ.

ಮೊದಲ ದಿನವೇ ನಿಯಮ ಹೇಳಿಕೊಟ್ಟರು. "ವಾರದಲ್ಲಿ ಒಂದು ಗಂಟೆ ದುಡಿದಿದ್ರೂ ಉದ್ಯೋಗಿ ಅಂತ ಹಾಕಿ. ಮನೇಲಿದೀನಿ ಅಂದ್ರೆ 'ಉದ್ಯೋಗ ಅರಸದವರು'. ಮೂರು ಸಲ ಫೋನ್ ಎತ್ತಲಿಲ್ಲ ಅಂದ್ರೆ 'ಸಂಪರ್ಕಕ್ಕೆ ಸಿಗದವರು'. ಕೊನೇ ಎರಡನ್ನೂ ಲೆಕ್ಕಕ್ಕೇ ಹಿಡಿಯಂಗಿಲ್ಲ."

"ಮನೇಲಿದಾರೆ ಅಂದ್ರೆ ಕೆಲ್ಸ ಸಿಗದೆ ಇದಾರೆ ಅಂತ ಅಲ್ವಾ ಸಾರ್?" ಎಂದು ನಾನು ಕೇಳಿದೆ.

"ಅಮ್ಮಾ, ನೀನು ಬರೆಯೋದು ಬರಿ. ಯೋಚ್ನೆ ಮಾಡೋದಕ್ಕೆ ಮೇಲೆ ಬೇರೆ ಜನ ಇದಾರೆ."

ಮೇಲಿದ್ದ ಆ ಬೇರೆ ಜನ ನೀವು, ಮಾನ್ಯರೇ.

ಬ್ಯಾಚಿನ ತಮಾಷೆಗಾರನೊಬ್ಬನಿದ್ದ. ಅವನು ಮೊದಲ ಗಂಟೆಗೇ ಫೋನೆತ್ತಿದ. "ಸೂಪರ್ ಮಾರ್ಕೆಟ್ಟಲ್ಲಿ ಮೀನು ಕುಯ್ಯೋ ಕೆಲ್ಸ ಕಣೇ. ದಿನಕ್ಕೆ ನೂರೈವತ್ತು ಡಿಸೆಕ್ಷನ್ನು! ಪ್ರಾಕ್ಟಿಕಲ್ ಪರೀಕ್ಷೇಲಿ ಇಷ್ಟು ಚೆನ್ನಾಗಿ ಕುಯ್ದಿದ್ರೆ ಗೋಲ್ಡ್ ಮೆಡಲ್ ನಂಗೇ ಬರ್ತಿತ್ತು. ಅಂದಹಾಗೆ ಆ ಗೋಲ್ಡ್ ಮೆಡಲ್ ಹುಡುಗಿ ಈಗ ಎಲ್ಲಿದಾಳೆ?"

"ನನ್ನ ಪಕ್ಕದ ಕುರ್ಚೀಲಿ," ಎಂದೆ. "ಅವಳೂ ಫೋನ್ ಮಾಡ್ತಿದಾಳೆ."

ಆ ಕಡೆ ಕತ್ತಿ ಹಲಗೆಗೆ ಬಡಿದ ಸದ್ದು ಕೇಳಿಸಿತು. ಆಮೇಲೆ, "ಗಿರಾಕಿ ಬಂದ್ರು ಕಣೇ, ಇಡ್ತೀನಿ," ಎಂದ. ಅವನನ್ನು ಯಾವ ಕಾಲಮ್ಮಿಗೆ ಹಾಕಲಿ ಎಂದು ಕೇಳಿದ್ದಕ್ಕೆ ಪರ್ಸೆಂಟ್ ಸಾರ್ ಒಂದು ಕ್ಷಣವೂ ಯೋಚಿಸಲಿಲ್ಲ. "ಮತ್ಸ್ಯ ವಿಜ್ಞಾನ ಕ್ಷೇತ್ರ. ಮೀನೂ ಬಯಾಲಜಿನೇ ಅಲ್ವೇನಮ್ಮ?"

ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕುವವಳು ಔಷಧೋದ್ಯಮಕ್ಕೆ ಸೇರಿದಳು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಟ್ರೇ ಎತ್ತುವವನು ಆರೋಗ್ಯ ಸೇವೆಗೆ ಸಂದ. ಒಬ್ಬ ಹುಡುಗನ ಫೋನನ್ನು ಅವನ ತಂದೆ ಎತ್ತಿಕೊಂಡು, "ಕೆಲ್ಸ ಕೊಡೋಕೆ ಮಾಡಿದ್ದೇನಮ್ಮ?" ಎಂದು ಆಸೆಯಿಂದ ಕೇಳಿದರು. "ಇಲ್ಲ, ಮಾಹಿತಿ ತಗೊಳ್ಳೋಕೆ," ಎಂದೆ. "ಕೊಡೋಕಾಗದಿದ್ರೆ ಗಾಯ ಕೆರೆದು ನೋಡೋಕೆ ಯಾಕೆ ಫೋನ್ ಮಾಡ್ತೀರಿ?" ಎಂದು ಇಟ್ಟುಬಿಟ್ಟರು. ಅವರ ಮಗ ಸಂಪರ್ಕಕ್ಕೆ ಸಿಗದವನಾದ. ಕೊನೆಗೆ ನಮ್ಮ ಆರು ಜನರ ಸರದಿ ಬಂತು.

"ನಮ್ಮನ್ನ ಎಲ್ಲಿಗೆ ಹಾಕ್ಲಿ ಸಾರ್?"

"ಉದ್ಯೋಗಿಗಳು. ಶಿಕ್ಷಣ ಕ್ಷೇತ್ರ, ಸಂಶೋಧನಾ ಸಹಾಯಕರು."

"ಇನ್ನು ನಲವತ್ತು ದಿನಕ್ಕೆ ಮುಗಿಯುತ್ತಲ್ಲ ಸಾರ್ ಈ ಕೆಲ್ಸ."

"ಇವತ್ತು ಮುಗಿದಿಲ್ವಲ್ಲ!"

ಹೀಗೆ ಕೆಲಸ ಸಿಗದವರಿಂದ ಕೆಲಸ ಸಿಗದವರಿಗೆ ಫೋನು ಮಾಡಿಸಿ, ಆ ಫೋನು ಮಾಡುವುದನ್ನೇ ಕೆಲಸವೆಂದು ಎಣಿಸಿ ನೀವು ನಿಮ್ಮ ಶೇಕಡಾವಾರನ್ನು ಏರಿಸಿದಿರಿ. ಓದುಗರಿಗೆ ಲೆಕ್ಕ ಬಿಡಿಸಿ ಹೇಳುತ್ತೇನೆ. ಇನ್ನೂರ ಹನ್ನೆರಡು ಜನರಲ್ಲಿ ಎಂಬತ್ತೆಂಟು ಮಂದಿ ಸಂಪರ್ಕಕ್ಕೆ ಸಿಗದವರು, ಅಳಿಸಿದಿರಿ. ಮೂವತ್ತಮೂರು ಮಂದಿ ಉದ್ಯೋಗ ಅರಸದವರು, ಅವರನ್ನೂ ಅಳಿಸಿದಿರಿ. ಉಳಿದವರು ತೊಂಬತ್ತೊಂದು. ಅವರಲ್ಲಿ ಎಂಬತ್ತಮೂರು ಜನ ಏನೋ ಒಂದು ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ತೊಂಬತ್ತೊಂದು ಜನಕ್ಕೆ ಎಂಬತ್ತಮೂರು, ಅದೇ ನಿಮ್ಮ ಶೇಕಡಾ ತೊಂಬತ್ತೊಂದು. ಆ ಎಂಬತ್ತಮೂರರಲ್ಲಿ ಜೀವಶಾಸ್ತ್ರ ಓದಿದ್ದರಿಂದಲೇ ಸಿಕ್ಕಿದ ಕೆಲಸದಲ್ಲಿರುವವರು ಎಷ್ಟು? ನಾನು ಒಂದೊಂದೇ ಎಣಿಸಿ ನೋಡಿದೆ: ಹದಿನಾಲ್ಕು. ಇನ್ನೂರ ಹನ್ನೆರಡರಲ್ಲಿ ಹದಿನಾಲ್ಕು. ನೂರಕ್ಕೆ ಏಳೂ ಇಲ್ಲ.

ಇನ್ನು ನೀವು ಅಚ್ಚು ಹಾಕಿಸಿದ ಸರಾಸರಿ ಸಂಬಳ. ಅದರಲ್ಲಿ ಒಬ್ಬ ಮಹಾನುಭಾವ ಸೋದರಮಾವನ ಜೊತೆ ಸೈಟು ವ್ಯಾಪಾರಕ್ಕಿಳಿದವನು. ಅವನೊಬ್ಬನ ಗಳಿಕೆ ಉಳಿದ ಮೂವತ್ತು ಜನರ ಸಂಬಳಕ್ಕೆ ಸಮ. ತಕ್ಕಡಿಯಲ್ಲಿ ಇಲಿಗಳ ಜೊತೆ ಒಂದು ಆನೆಯನ್ನು ಕೂರಿಸಿ, ಸರಾಸರಿ ತೆಗೆದು, "ನೋಡಿ, ನಮ್ಮ ಇಲಿಗಳು ಎಷ್ಟು ದಷ್ಟಪುಷ್ಟವಾಗಿವೆ" ಎಂದು ಸಾರುವುದಕ್ಕೆ ಜೀವಶಾಸ್ತ್ರ ವಿಭಾಗವೇ ಬೇಕಿತ್ತೇ?

ಎಣಿಕೆ ಐವತ್ತನೇ ದಿನಕ್ಕೆ ಮುಗಿಯಿತು. ಉಳಿದ ದಿನಗಳಲ್ಲಿ ಅದೇ ಕುರ್ಚಿಯಲ್ಲಿ ಕೂತು, ಪುಸ್ತಿಕೆ ನೋಡಿ ಫೋನು ಮಾಡುವ ತಂದೆತಾಯಿಗಳಿಗೆ ಉತ್ತರ ಹೇಳುವ ಕೆಲಸ ನಮಗೆ. "ನಿಜವಾಗ್ಲೂ ತೊಂಬತ್ತೊಂದೇನಮ್ಮಾ?" ಎಂದು ಅವರು ಕೇಳುತ್ತಿದ್ದರು. "ಹೌದು ಸಾರ್," ಎನ್ನುತ್ತಿದ್ದೆ. ಎಷ್ಟು ಜನಕ್ಕೆ ಹಾಗೆಂದೆನೋ ಲೆಕ್ಕ ಇಟ್ಟಿಲ್ಲ. ಲೆಕ್ಕವಿಲ್ಲದೆ ಹೋದದ್ದಕ್ಕೆ ಆಗ ಸಮಾಧಾನವಿತ್ತು. ಈಗಿಲ್ಲ.

ನನಗೊಬ್ಬ ತಂಗಿಯಿದ್ದಾಳೆ. ಈ ವರ್ಷ ಶಾಲೆ ಮುಗಿಸಿದಳು. ಅಮ್ಮನ ಖಾಲಿ ನೂಲಿನ ಡಬ್ಬಿಗಳಲ್ಲಿ ಎಲೆ ಹಾಕಿ ಕಂಬಳಿಹುಳ ಸಾಕಿ, ಅದು ಚಿಟ್ಟೆಯಾಗುವ ತನಕ ಶಾಲೆಗೂ ಡಬ್ಬಿ ಹೊತ್ತುಕೊಂಡು ಹೋದವಳು. ಅವಳು ಬೇರೇನನ್ನಾದರೂ ಓದುತ್ತಾಳೆ ಎಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಒಂದು ಸಂಜೆ ನಾನು ಕೆಲಸದಿಂದ ಬರುವಾಗ ಹೊಲಿಗೆ ಯಂತ್ರದ ಮೇಲೆ ನಿಮ್ಮ ಪುಸ್ತಿಕೆ ತೆರೆದುಕೊಂಡಿತ್ತು. ತೊಂಬತ್ತೊಂದರ ಸುತ್ತ ಕಿತ್ತಳೆ ಬಣ್ಣದ ಗೆರೆ. ಪಕ್ಕದಲ್ಲಿ ಬ್ಯಾಂಕಿನ ಸಾಲದ ಅರ್ಜಿ. ಅಪ್ಪ ಕನ್ನಡಕ ಏರಿಸಿಕೊಂಡು ಜಾಮೀನುದಾರರ ಜಾಗ ಎಲ್ಲಿದೆ ಎಂದು ಹುಡುಕುತ್ತಿದ್ದರು.

ಅಮ್ಮ ಯಂತ್ರದಿಂದ ತಲೆಯೆತ್ತಿ, "ನೀನೇ ಹೇಳ್ಬಿಡು ಇವಳಿಗೆ. ಸೇರ್ಕೋಬಹುದಾ, ಬೇಡ್ವಾ? ನೀನು ಒಳಗಿರೋಳು," ಎಂದಳು.

"ಬೇಡ," ಎಂದೆ. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

ತಂಗಿಯ ಮುಖ ಕೆಂಪಾಯಿತು. "ಯಾಕೆ ಬೇಡ? ನಿಂಗೆ ಒಂದು ವರ್ಷ ಕೆಲ್ಸ ಸಿಗ್ಲಿಲ್ಲ ಅಂತ ನಂಗೂ ಸಿಗಬಾರದಾ? ನಿನ್ನ ಕಾಲದಲ್ಲಿ ಎಂಬತ್ತನಾಲ್ಕಿತ್ತು. ಈಗ ತೊಂಬತ್ತೊಂದಾಗಿದೆ, ಕಣ್ಣು ಬಿಟ್ಟು ನೋಡು."

"ಅದನ್ನ ನಾನೇ ಮಾಡಿದ್ದು ಕಣೇ."

"ಏನನ್ನ?"

"ಆ ತೊಂಬತ್ತೊಂದನ್ನ. ನಾನೇ ಫೋನ್ ಮಾಡಿ, ನಾನೇ ಬರೆದು, ನಾನೇ ಕೂಡಿಸಿದ್ದು. ಅದ್ರಲ್ಲಿ ನಾನೂ ಇದೀನಿ. ಮೀನು ಕುಯ್ಯೋನೂ ಇದಾನೆ."

ಯಂತ್ರ ನಿಂತಿತು. ನಾನು ಎಲ್ಲವನ್ನೂ ಹೇಳಿದೆ: ರಿಸರ್ಚು ಅಲ್ಲವೆಂದು, ತೊಂಬತ್ತು ದಿನವೆಂದು, ಅದರಲ್ಲಿ ಇನ್ನು ಹನ್ನೆರಡು ದಿನ ಉಳಿದಿದೆಯೆಂದು. ಅಮ್ಮ ಮಡಿಲಲ್ಲಿದ್ದ ಯಾರದೋ ಪ್ಯಾಂಟನ್ನು ಮಡಚುತ್ತಾ ಕೂತಳು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದಳು. ಅಪ್ಪ ಪುಸ್ತಿಕೆಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

"ಬ್ರೇಕ್ ಬಿಟ್ರೆ, ಹಗ್ಗದ ಆ ತುದೀಲಿ ಕಟ್ಟಿರೋ ಭಾರಕ್ಕೆ ಖಾಲಿ ಲಿಫ್ಟೇ ತಾನಾಗಿ ಮೇಲಕ್ಕೆ ಓಡೋದು," ಎಂದರು. "ಹೊರಗೆ ನಿಂತೋರಿಗೆ ಬರೀ ನಂಬರ್ ಏರೋದು ಕಾಣುತ್ತೆ. ಒಳಗೆ ಯಾರೂ ಇಲ್ಲ ಅಂತ ಬಾಗಿಲು ತೆಗೆದ ಮೇಲೇನೇ ಗೊತ್ತಾಗೋದು."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರು ಸಾಲದ ಅರ್ಜಿಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು, ಕೈ ತೊಳೆಯಲು ಎದ್ದು ಹೋದರು. ತಂಗಿ ಮಾತ್ರ ನನ್ನನ್ನು ಬಿಡಲಿಲ್ಲ. "ಎರಡೂವರೆ ತಿಂಗಳು ಬಾಯಿ ಮುಚ್ಕೊಂಡಿದ್ದೆಯಲ್ಲ ನೀನು," ಎಂದಳು.

ಮರುದಿನ ನಿಮ್ಮ ಪ್ರವೇಶ ಮಾರ್ಗದರ್ಶನ ಸಭೆ. ತಂಗಿ ಹೋಗಲೇಬೇಕೆಂದು ಹಟ ಹಿಡಿದಳು. ನಾನೂ ಅವಳ ಜೊತೆ ಕೂತೆ. ನಿಮ್ಮ ಸಭಾಂಗಣದ ವ್ಯವಸ್ಥೆಯನ್ನು ಮೆಚ್ಚಲೇಬೇಕು. ಮುಂದೆ ವೇದಿಕೆ, ಹಿಂದೆ ಎರಡು ಬ್ಯಾಂಕುಗಳ ಸಾಲದ ಮೇಜು; ಭಾಷಣ ಕೇಳಿ ಕರಗಿದವರು ಹತ್ತು ಹೆಜ್ಜೆ ನಡೆದರೆ ಸಹಿ ಹಾಕಬಹುದು. ಬಾಗಿಲಲ್ಲಿ ಉಚಿತ ಬಟ್ಟೆಚೀಲ, ಉಚಿತ ಪೆನ್ನು. ತೊಡೆಯ ಮೇಲೆ ಮಕ್ಕಳ ಅಂಕಪಟ್ಟಿಯ ಫೈಲು ಇಟ್ಟುಕೊಂಡು ಸಾಲು ಸಾಲಾಗಿ ಕೂತ ಅಪ್ಪ ಅಮ್ಮಂದಿರು. ನೀವು ಬೂದು ಬಣ್ಣದ ಕೋಟು ತೊಟ್ಟು, ಪರದೆಯ ಮೇಲೆ ತೊಂಬತ್ತೊಂದನ್ನು ಮೂಡಿಸಿ, ಅದು ತಾನಾಗಿ ಚಪ್ಪಾಳೆ ಗಿಟ್ಟಿಸುವ ತನಕ ಸುಮ್ಮನೆ ನಿಂತಿರಿ. ಇಪ್ಪತ್ತು ನಿಮಿಷ ನೀವು ಮಾತಾಡಿದ್ದೆಲ್ಲ ಸಂಬಳದ ಬಗ್ಗೆಯೇ. ಆಮೇಲೆ ಪ್ರಶ್ನೆ ಕೇಳಿ ಎಂದಿರಿ. ನನ್ನ ತಂಗಿ ಎದ್ದು ನಿಂತಳು.

"ಸಾರ್, ಈ ಕೋರ್ಸಿಗೆ ಸಾಲ ಮಾಡಿದವರು ಎಷ್ಟು ಜನ, ಅದರಲ್ಲಿ ತಮ್ಮ ಸಂಬಳದಿಂದ ಕಂತು ಕಟ್ತಿರೋರು ಎಷ್ಟು ಜನ?"

ನೀವು ಮುಗುಳ್ನಕ್ಕಿರಿ. "ಮಗು, ವಿದ್ಯೆಯನ್ನು ಹಣದಿಂದ ಅಳೆಯಬಾರದು. ಜ್ಞಾನಕ್ಕೆ ಬೆಲೆ ಕಟ್ಟೋಕಾಗುತ್ತಾ?" ಮತ್ತೆ ಚಪ್ಪಾಳೆ.

"ಹಾಗಾದ್ರೆ ಫೀಸನ್ನ ಯಾವುದ್ರಲ್ಲಿ ಅಳೀತೀರಿ ಸಾರ್?" ಎಂದಳು ತಂಗಿ.

ಹಿಂದಿನ ಸಾಲುಗಳಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ನಗು ಹರಡುವ ಮೊದಲೇ ನಿಮ್ಮ ಸ್ವಯಂಸೇವಕರು ಬಂದು ಅವಳ ಕೈಯಿಂದ ಮೈಕು ಇಸಿದುಕೊಂಡರು. ನೀವು, "ಮುಂದಿನ ಪ್ರಶ್ನೆ" ಎಂದಿರಿ. ಮುಂದಿನ ಪ್ರಶ್ನೆ ಹಾಸ್ಟೆಲಿನ ಬಿಸಿನೀರಿನ ಬಗ್ಗೆ. ಅದಕ್ಕೆ ಮಾತ್ರ ನೀವು ಅಂಕಿ ಅಂಶಗಳ ಸಮೇತ ಉತ್ತರ ಕೊಟ್ಟಿರಿ.

ಆ ಕ್ಷಣದ ತನಕ ನನಗೆ ನಿಮ್ಮ ಮೇಲೆ ಸಿಟ್ಟಿತ್ತು, ಮಾನ್ಯರೇ. ಆಮೇಲೆ ಹೇಸಿಗೆಯಾಯಿತು. ಸಿಟ್ಟು ಬರಬೇಕಾದರೆ ಎದುರಿನವರ ಮೇಲೆ ಒಂದಿಷ್ಟು ಗೌರವ ಉಳಿದಿರಬೇಕು. ವಸೂಲಿ ಮಾಡುವಾಗ ವ್ಯಾಪಾರಿ, ಲೆಕ್ಕ ಕೇಳಿದಾಗ ಋಷಿ: ಇದು ಯಾವ ಸೀಮೆಯ ಧರ್ಮ? ಹಳೆಯ ಸ್ಕೂಟರು ಕೊಳ್ಳುವವನು ಎಷ್ಟು ಓಡಿದೆ, ಎಂಜಿನ್ನು ಹೊಗೆ ಬಿಡುತ್ತದೆಯೇ ಎಂದು ಕೇಳಿದರೆ ಅವನನ್ನು ಜಾಣನೆನ್ನುತ್ತೇವೆ. ಮೂರು ವರ್ಷದ ದುಡಿಮೆಯನ್ನು ಅಡವಿಟ್ಟು ಪದವಿ ಕೊಳ್ಳುವ ಹುಡುಗಿ ಅದನ್ನೇ ಕೇಳಿದರೆ ಅವಳಿಗೆ ವಿದ್ಯೆಯ ಬೆಲೆ ಗೊತ್ತಿಲ್ಲ ಎನ್ನುತ್ತೀರಿ. ಬೆಲೆ ಗೊತ್ತಿರುವುದರಿಂದಲೇ ಅಲ್ಲವೇ ಅವಳು ಕೇಳಿದ್ದು? ಜೀವಶಾಸ್ತ್ರ ಓದಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಈರುಳ್ಳಿ ಸಿಪ್ಪೆಯ ಜೀವಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ನೋಡಿದ ದಿನ ನಾನು ಮನೆಗೆ ಬಂದು ಅಮ್ಮನನ್ನು ಅಡುಗೆಮನೆಯಲ್ಲಿ ಅರ್ಧ ಗಂಟೆ ನಿಲ್ಲಿಸಿಕೊಂಡು ಅದನ್ನೇ ವರ್ಣಿಸಿದ್ದೆ. ಆ ಸಂತೋಷ ನನ್ನದು, ಅದನ್ನು ನೀವು ಕೊಟ್ಟದ್ದಲ್ಲ. ನೀವು ಕೊಟ್ಟದ್ದು ಹನ್ನೊಂದು ವರ್ಷದ ಕಂತು.

ಸಭೆಯ ಮಾರನೆಯ ದಿನ ಪರ್ಸೆಂಟ್ ಸಾರ್ ನನ್ನನ್ನು ಜೆರಾಕ್ಸ್ ಕೋಣೆಯ ಹೊರಗೆ ಕರೆದು, ಗೋಡೆ ನೋಡುತ್ತಾ ಮಾತಾಡಿದರು. "ಮೇಲಿಂದ ಹೇಳಿದಾರಮ್ಮ, ಪ್ರಶ್ನೆ ಕೇಳಿದೋಳ ಪಕ್ಕ ನೀನಿದ್ದೆ ಅಂತ. ನೀನು ನಾಳೆಯಿಂದ ಬರೋದು ಬೇಡ. ಗೌಪ್ಯತೆ ಅಂತ ಸಹಿ ಹಾಕಿದ್ದೆ ನೋಡು, ಅದು." ಒಂದು ಅನುಭವ ಪತ್ರ ಕೊಟ್ಟರು. ಅದರಲ್ಲಿ ನನ್ನ ಹುದ್ದೆ 'ದತ್ತಾಂಶ ವಿಶ್ಲೇಷಕಿ'. ಕೊಡುವಾಗ ತಗ್ಗಿದ ದನಿಯಲ್ಲಿ, "ನನ್ನ ಮಗಳು ಕಾಮರ್ಸ್ ತಗೊಂಡ್ಲು," ಎಂದರು. ಯಾಕೆ ಹಾಗೆಂದರು ಎಂದು ನನಗೆ ಅರ್ಥವಾಗಲು ಬಸ್ಸು ನಿಲ್ದಾಣದ ತನಕ ಬೇಕಾಯಿತು.

ಆ ವಾರವೇ ತಂಗಿ, ಅಪ್ಪ ಮತ್ತು ನಾನು ಊರಿನ ಇನ್ನೊಂದು ತುದಿಯ ಹಳೆಯ ಸರ್ಕಾರಿ ಕಾಲೇಜಿಗೆ ಹೋದೆವು. ಅದಕ್ಕೆ ಪುಸ್ತಿಕೆಯಿಲ್ಲ, ನೋಟಿಸ್ ಬೋರ್ಡಿನಲ್ಲಿ ಟೈಪು ಮಾಡಿದ ಒಂದು ಹಾಳೆ. ಜೀವಶಾಸ್ತ್ರ ವಿಭಾಗದ ಮುಖ್ಯಸ್ಥೆ ತೊಟ್ಟಿಯ ಮುಂದೆ ನಿಂತು ತಾವೇ ಗಾಜಿನ ಸಾಮಾನು ತೊಳೆಯುತ್ತಿದ್ದರು. ತಂಗಿ ನಿಮ್ಮನ್ನು ಕೇಳಿದ್ದನ್ನೇ ಅವರನ್ನೂ ಕೇಳಿದಳು. ಅವರು ಕೈ ಒರೆಸಿಕೊಂಡು ಮೇಜಿನಿಂದ ಒಂದು ರಟ್ಟಿನ ನೋಟ್ ಪುಸ್ತಕ ತೆಗೆದರು.

"ಹೋದ ವರ್ಷ ಇಪ್ಪತ್ತಾರು ಮಕ್ಕಳು ಪಾಸಾದ್ರು. ಏಳು ಜನ ಲ್ಯಾಬುಗಳಲ್ಲಿದಾರೆ. ನಾಲ್ಕು ಜನ ಪಾಠ ಹೇಳ್ತಿದಾರೆ. ಇಬ್ಬರು ಮುಂದೆ ಓದ್ತಿದಾರೆ. ಒಬ್ಬ ಟ್ಯಾಕ್ಸಿ ಓಡಿಸ್ತಾನೆ, ಪಾಪ, ಆಗಾಗ ಬಂದು ಮಾತಾಡ್ಸಿ ಹೋಗ್ತಾನೆ. ಉಳಿದ ಹನ್ನೆರಡು ಜನ ಏನ್ ಮಾಡ್ತಿದಾರೋ ನಂಗೆ ಗೊತ್ತಿಲ್ಲಮ್ಮ." ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದರು. "ಫೋನ್ ನಂಬರ್ ಕೊಟ್ಟು, ಕೇಳಿದೋರಿಗೆ ಕೊಡಿ ಮೇಡಂ ಅಂದೋರು ಇಷ್ಟು ಜನ. ನನ್ನ ಮಾತು ಯಾಕೆ ನಂಬ್ತೀರಿ? ನೀವೇ ಕೇಳಿ."

ಅಪ್ಪ, "ಸೇರಿಸಬಹುದಾ ಮೇಡಂ?" ಎಂದರು.

"ಹುಡುಗೀಗೆ ಇಷ್ಟ ಇದ್ರೆ ಸೇರಿಸಿ. ಎರಡನೇ ವರ್ಷ ಸಂಜೆ ಹೊತ್ತು ಲ್ಯಾಬ್ ಕೆಲ್ಸ ಕಲಿಯೋಕೆ ಕಳಿಸಿ, ಅದು ಅನ್ನ ಕೊಡುತ್ತೆ. ಬಯಾಲಜಿ ಓದಿ ಸಾಹುಕಾರರಾದೋರನ್ನ ನಾನಂತೂ ನೋಡಿಲ್ಲ. ಸಾಲ ಮಾತ್ರ ಮಾಡ್ಬೇಡಿ. ಇದಕ್ಕೆ ಸಾಲ ಮಾಡಿದ್ರೆ ಓದಿದ್ದರ ಮೇಲೇ ಬೇಜಾರು ಬಂದ್ಬಿಡುತ್ತೆ."

ನನಗೆ ಅಲ್ಲೇ ಕಣ್ಣು ತುಂಬಿತು. ನನ್ನ ಕಥೆಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ತಂಗಿ ಆ ಪುಸ್ತಕದಲ್ಲಿದ್ದ ಐದು ಜನಕ್ಕೆ ಫೋನು ಮಾಡಿ ಮಾತಾಡಿ, ಆಮೇಲೆ ಅಲ್ಲೇ ಸೇರಿದಳು. ವರ್ಷದ ಫೀಸು ಅಪ್ಪನ ಒಂದು ತಿಂಗಳ ಸಂಬಳವೂ ಆಗಲಿಲ್ಲ. ಸ್ವರ್ಗ ಸಿಕ್ಕಿತೆಂದು ಹೇಳುತ್ತಿಲ್ಲ. ಹತ್ತು ಜನಕ್ಕೆ ಎರಡು ಸೂಕ್ಷ್ಮದರ್ಶಕ, ಎರಡು ಬಸ್ಸು ಬದಲಿಸಬೇಕು, ಒಂದು ಬೆಂಚು ಕೂತರೆ ಮುರಿಯುತ್ತದಂತೆ. ಅವಳಿಗೆ ಕೆಲಸ ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಸಿಗದಿದ್ದರೆ ಸಾಲವಿಲ್ಲದೆ ಇನ್ನೊಂದನ್ನು ಹುಡುಕುತ್ತಾಳೆ. ನನಗೆ ಆ ಅನುಕೂಲವಿಲ್ಲ. ನಾನೀಗ ಕನ್ನಡಕದಂಗಡಿಯಲ್ಲಿ ಫ್ರೇಮು ತೋರಿಸುತ್ತೇನೆ, ಸಂಬಳದ ಅರ್ಧಕ್ಕೆ ಸ್ವಲ್ಪ ಕಡಿಮೆ ಬ್ಯಾಂಕಿಗೆ ಹೋಗುತ್ತದೆ. ಮುಂದಿನ ವರ್ಷ ನಿಮ್ಮವರು ಫೋನು ಮಾಡಿದರೆ ನಾನು ದೃಷ್ಟಿ ವಿಜ್ಞಾನ ಕ್ಷೇತ್ರಕ್ಕೆ ಸೇರುತ್ತೇನೆ, ಅಲ್ಲವೇ?

ಇಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ನಮ್ಮ ಮನೆಯವರು ಪಾರಾದರಲ್ಲ ಎಂದು ಸುಮ್ಮನಾಗುತ್ತಿದ್ದೆ. ನನಗೂ ನಿಮ್ಮದೇ ತರಬೇತಿ ತಾನೇ. ಆದರೆ ನಮ್ಮ ಎದುರು ಮನೆಯ ಅಕ್ಕ ಬೇಕರಿಯಲ್ಲಿ ಕೆಲಸ ಮಾಡುತ್ತಾರೆ. ರಾತ್ರಿ ಪಾಳಿ, ಮುಂಗೈ ತುಂಬ ಒಲೆ ತಗುಲಿದ ಕಲೆ. ಗಂಡನಿಲ್ಲ, ಒಬ್ಬಳೇ ಮಗಳು. ಆ ಹುಡುಗಿ ಹನ್ನೆರಡು ವರ್ಷ ನನ್ನ ತಂಗಿಯ ಪಕ್ಕದಲ್ಲೇ ಕೂತು ಓದಿದವಳು. ಅವಳು ನಿಮ್ಮಲ್ಲಿ ಸೇರುತ್ತಾಳಂತೆ ಎಂದು ತಂಗಿ ಹೇಳಿದ ಕೂಡಲೇ ನಾನು ರಸ್ತೆ ದಾಟಿ ಓಡಿದೆ. ಅಕ್ಕ ಬಾಗಿಲಲ್ಲೇ ನಿಂತಿದ್ದರು, ಮುಖದ ತುಂಬ ನಗು.

"ಅಕ್ಕ, ಫೀಸು ಕಟ್ಟಿಬಿಟ್ರಾ?"

"ಇವತ್ತೇ ಕಟ್ಟಿ ಬಂದೆ ಕಣಮ್ಮ. ಸಾಲಾನೂ ಅಲ್ಲೇ ಕೊಟ್ರು, ಸಭೆ ನಡೆದ ಜಾಗದಲ್ಲೇ. ಬೇಕರಿ ಯಜಮಾನ್ರು ಜಾಮೀನು ಹಾಕಿದ್ರು. ಸಂಬಳದಲ್ಲಿ ಹಿಡ್ಕೋತಾರೆ."

ನಾನು ಹೇಳಲು ಬಂದದ್ದನ್ನೆಲ್ಲ ಹೇಳಿದೆ. ಮೀನಿನ ಕಥೆ, ಅಳಿಸಿದವರ ಕಥೆ, ಹದಿನಾಲ್ಕು ಜನರ ಕಥೆ. ಅವರು ಕೇಳುತ್ತಾ ಕೇಳುತ್ತಾ ಅಲ್ಲೇ ಮೆಟ್ಟಿಲ ಮೇಲೆ ಕೂತರು. ರಸೀದಿ ತಂದು ತೋರಿಸಿದರು. ಅದರ ಬೆನ್ನಿಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಕಟ್ಟಿದ ಶುಲ್ಕವನ್ನು ಯಾವುದೇ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ ಎಂದಿತ್ತು.

ಅಕ್ಕ ನನ್ನನ್ನು ಬೈಯಲಿಲ್ಲ. ಮೆಲ್ಲಗೆ, ನನಗೆ ನೋವಾಗದಿರಲಿ ಎನ್ನುವಂತೆ ಹೇಳಿದರು: "ಪುಸ್ತಕದಲ್ಲಿದ್ದ ನಂಬರ್ ನಂಗೆ ಓದೋಕೆ ಬರಲ್ಲ ಕಣಮ್ಮ. ನಿನ್ನ ನೋಡಿ ಸೇರಿಸ್ದೆ. ಯೂನಿವರ್ಸಿಟೀಲಿ ಕೆಲ್ಸ ಮಾಡ್ತಾಳೆ, ಅಲ್ಲಿ ಓದಿದ್ರೆ ನಮ್ಮ ಹುಡುಗೀನೂ ಹಂಗೇ ಆಗ್ತಾಳೆ ಅಂತ."

ನಿರ್ದೇಶಕರೇ, ನಿಮ್ಮ ತೊಂಬತ್ತೊಂದನ್ನು ನಂಬಿ ಕೆಟ್ಟವರು ಎಷ್ಟೋ ಜನ ಇರಬಹುದು. ಈ ತಾಯಿ ನಂಬಿದ್ದು ನನ್ನನ್ನು. ನಾನು ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ನಿಮ್ಮ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಹೊರಡುತ್ತಿದ್ದದ್ದನ್ನು ಅವರು ಒಲೆಯ ಪಾಳಿ ಮುಗಿಸಿ ಬರುವಾಗ ದಿನವೂ ನೋಡಿದ್ದರು. ತೊಂಬತ್ತು ದಿನದ ಆ ಚೀಟಿಯೇ ನಿಮ್ಮ ಅತ್ಯುತ್ತಮ ಜಾಹೀರಾತಾಗಿತ್ತು, ಮತ್ತು ಅದನ್ನು ಬೀದಿ ಬೀದಿ ಹೊತ್ತು ತಿರುಗಿದ್ದಕ್ಕೆ ನಾನು ನಿಮ್ಮಿಂದ ಕೂಲಿಯನ್ನೂ ಪಡೆದಿದ್ದೇನೆ.

ಆದ್ದರಿಂದ ಬೇಡಿಕೆ ಒಂದೇ, ಅದನ್ನು ಸುತ್ತುಬಳಸಿ ಹೇಳುವುದಿಲ್ಲ. ಆ ಸಂಖ್ಯೆಯನ್ನು ನೋಡಿ ಈ ವರ್ಷ ಜೀವಶಾಸ್ತ್ರಕ್ಕೆ ಸೇರಿದ ಪ್ರತಿಯೊಂದು ಮನೆಗೂ ನಿಮ್ಮ ಸಹಿಯಿರುವ ಕಾಗದ ಹೋಗಬೇಕು. ಅದರಲ್ಲಿ ಇನ್ನೂರ ಹನ್ನೆರಡು, ಎಂಬತ್ತಮೂರು, ಹದಿನಾಲ್ಕು ಎಂಬ ಮೂರು ಸಂಖ್ಯೆಗಳಿರಬೇಕು. ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವ ಪದವೀಧರನ ಸಂಬಳವೆಷ್ಟು, ಅದರಲ್ಲಿ ಸಾಲದ ಕಂತಿಗೆ ಎಷ್ಟು ಹೋಗುತ್ತದೆ ಎಂಬುದೂ ಇರಬೇಕು. ಅಂಗೈಯಷ್ಟು ದೊಡ್ಡ ಅಕ್ಷರದಲ್ಲೇ ಇರಲಿ, ನಿಮಗೆ ಅಭ್ಯಾಸವಿದೆ. ಓದಲು ಬಾರದವರಿಗೆ ಯಾರಾದರೂ ಮನೆಗೆ ಹೋಗಿ ಓದಿ ಹೇಳಬೇಕು. ಅದನ್ನು ಕೇಳಿದ ಮೇಲೂ ಓದುತ್ತೇವೆ ಎಂದವರು ಓದಲಿ. ಬೇಡವೆಂದವರಿಗೆ ಕಟ್ಟಿದ್ದನ್ನು ಪೂರ್ತಿ ಹಿಂತಿರುಗಿಸಿ. ಮೊದಲ ಕಾಗದವನ್ನು ನಮ್ಮ ಎದುರು ಮನೆಗೆ ಕಳಿಸಿ. ಓದಿ ಹೇಳಲು ನಾನು ಹೋಗುತ್ತೇನೆ, ಅದಕ್ಕೆ ನೀವು ಸಂಬಳ ಕೊಡಬೇಕಾಗಿಲ್ಲ.

ಇಂತಿ,
(ವಿಶ್ವಾಸಪೂರ್ವಕ ಎಂದು ಬರೆಯಲು ಕೈ ಬರಲಿಲ್ಲ)
ಬೇಕರಿಯ ಪಾಳಿ ಬಿಡುವ ಹೊತ್ತು ತಪ್ಪಿಸಿ ಮನೆಯಿಂದ ಹೊರಡುವ
ನಿಮ್ಮ ಒಬ್ಬ ಪ್ರಥಮ ದರ್ಜೆ ಪದವೀಧರೆ